ರಿಪೋರ್ಟ್‌ನಲ್ಲಿ ಎಕ್ಸ್‌ಎಕ್ಸ್‌ವೈ ಅಂತ ಬಂದರೆ ನಮ್ಮ ಯಜಮಾನರು ಅರ್ಧ ಹೆಣ್ಣಾ?

ಪ್ರಶ್ನೆ: ಮದುವೆಯಾಗಿ ಐದು ವರ್ಷ ಆಯ್ತು, ಮಕ್ಕಳಾಗಿಲ್ಲ. ಯಜಮಾನರ ಪರೀಕ್ಷೆಯಲ್ಲಿ ವೀರ್ಯಾಣು ಸೊನ್ನೆ. ಕ್ಯಾರಿಯೋಟೈಪ್, ಅಂದ್ರೆ ಕ್ರೋಮೋಸೋಮ್ ಪರೀಕ್ಷೆಯ ರಿಪೋರ್ಟ್‌ನಲ್ಲಿ '47, ಎಕ್ಸ್‌ಎಕ್ಸ್‌ವೈ' ಅಂತಿದೆ. ಅವರಲ್ಲಿ ಹೆಣ್ಣಿನ ಅಂಶ ಇದೆಯಾ?

ಉತ್ತರ: ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಬರೆಯುತ್ತೇನೆ, ಯಾಕಂದ್ರೆ ಈ ಒಂದು ತಪ್ಪು ಮಾತಿಗೆ ಹೆದರಿ ರಿಪೋರ್ಟನ್ನು ಬೀರುವಿನಲ್ಲಿ ಬಟ್ಟೆಗಳ ಅಡಿಗೆ ಬಚ್ಚಿಟ್ಟು, ಡಾಕ್ಟರ ಕಡೆ ತಿರುಗಿಯೂ ನೋಡದ ಗಂಡಸರಿದ್ದಾರೆ.

'ಎಕ್ಸ್ ಹೆಣ್ಣಿನದು, ವೈ ಗಂಡಿನದು' ಅಂತ ಶಾಲೆಯಲ್ಲಿ ಉರು ಹೊಡೆದೆವಲ್ಲ, ಎಡವಟ್ಟು ಶುರುವಾಗುವುದೇ ಅಲ್ಲಿ. ಎಕ್ಸ್, ವೈ ಅಂದ್ರೆ ಕ್ರೋಮೋಸೋಮುಗಳು, ಜೀವಕೋಶದೊಳಗೆ ಜೀನುಗಳನ್ನು ಹೊತ್ತ ಎಳೆಗಳು. ಗಂಡಸರಲ್ಲಿ ಸಾಮಾನ್ಯವಾಗಿ ಇಂಥವು 46, ಅದರಲ್ಲಿ ಒಂದು ಎಕ್ಸ್, ಒಂದು ವೈ. ನಿಮ್ಮ ಯಜಮಾನರಲ್ಲಿ ಒಂದು ಎಕ್ಸ್ ಜಾಸ್ತಿ, ಅದಕ್ಕೇ 47. ಎಕ್ಸ್ ಎಲ್ಲರಲ್ಲೂ ಇದೆ. ನಿಮ್ಮ ಅಪ್ಪನಲ್ಲೂ, ಅಣ್ಣನಲ್ಲೂ. ರಕ್ತ ಹೆಪ್ಪುಗಟ್ಟುವುದಕ್ಕೆ, ಕೆಂಪು ಹಸಿರು ಬಣ್ಣ ಗುರುತಿಸುವುದಕ್ಕೆ ಬೇಕಾದ ಜೀನುಗಳು ಅದರ ಮೇಲಿವೆ. ಅದಿಲ್ಲದೆ ಯಾವ ಮಗುವೂ ಬದುಕಿ ಹುಟ್ಟುವುದಿಲ್ಲ. ಗರ್ಭದಲ್ಲಿ ವೃಷಣ ಬೆಳೆಯಲಿ ಅಂತ ಸೂಚನೆ ಕೊಡುವುದು ವೈ ಮೇಲಿರುವ ಎಸ್‌ಆರ್‌ವೈ ಅನ್ನೋ ಜೀನ್. ಎಕ್ಸ್ ಒಂದಿರಲಿ ಎರಡಿರಲಿ, ನಿಮ್ಮ ಯಜಮಾನರಲ್ಲಿ ಅದು ತನ್ನ ಕೆಲಸ ಮಾಡಿದೆ. ಜಾಸ್ತಿ ಬಂದ ಎಕ್ಸನ್ನು ಜೀವಕೋಶ ಬಹುಪಾಲು ಮುದುರಿ ಸುಮ್ಮನಾಗಿಸುತ್ತದೆ. ಸುಮ್ಮನಾಗದೆ ಉಳಿದ ಕೆಲವು ಜೀನುಗಳಿಂದಲೇ ತೊಂದರೆ: ವೃಷಣ ಚಿಕ್ಕದು, ಗಟ್ಟಿ, ಟೆಸ್ಟೋಸ್ಟಿರಾನ್ ಅನ್ನೋ ಗಂಡಸರ ಹಾರ್ಮೋನ್ ಕಡಿಮೆ, ಕೆಲವರಿಗೆ ಚಿಕ್ಕಂದಿನಲ್ಲಿ ಮಾತು ತಡ. ಎದೆ ಉಬ್ಬಿದ್ದರೆ ಅದು ಹಾರ್ಮೋನಿನ ಏರುಪೇರು, ಹದಿಹರೆಯದ ಎಷ್ಟೋ ಹುಡುಗರಿಗೂ ಬಂದು ಹೋಗುತ್ತದೆ.

1942ರಲ್ಲಿ ಬಾಸ್ಟನ್ನಿನಲ್ಲಿ ಹ್ಯಾರಿ ಕ್ಲೈನ್‌ಫೆಲ್ಟರ್ ಅನ್ನೋ ಡಾಕ್ಟರು ಒಂಬತ್ತು ಗಂಡಸರಲ್ಲಿ ಈ ಲಕ್ಷಣ ಗುರುತಿಸಿದಾಗ (ಇದಕ್ಕೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಅಂತ ಹೆಸರು ಬಂದದ್ದು ಅವರಿಂದಲೇ) ಕಾರಣ ಕ್ರೋಮೋಸೋಮಿನಲ್ಲಿದೆ ಅನ್ನೋ ಸುಳಿವೇ ಇರಲಿಲ್ಲ. ಒಂದು ಎಕ್ಸ್ ಜಾಸ್ತಿ ಇದೆ ಅಂತ ಗೊತ್ತಾಗಿದ್ದು 1959ರಲ್ಲಿ, ಎಡಿನ್‌ಬರೋದ ಸಂಶೋಧಕರಾದ ಪ್ಯಾಟ್ರಿಶಿಯಾ ಜೇಕಬ್ಸ್ ಮತ್ತು ಜಾನ್ ಸ್ಟ್ರಾಂಗ್ ಅವರಿಂದ. ಇದೇನು ಅಪರೂಪವೂ ಅಲ್ಲ. 500ರಿಂದ 1000 ಗಂಡು ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ, ಬಹಳ ಜನಕ್ಕೆ ಜೀವನಪೂರ್ತಿ ಗೊತ್ತೇ ಆಗುವುದಿಲ್ಲ.

ನಿಮ್ಮ ಅತ್ತೆಯವರು 'ಬಸುರಿಯಲ್ಲಿ ನಾನೇನು ತಪ್ಪು ಮಾಡಿದೆ' ಅಂತ ಕೊರಗುತ್ತಿದ್ದರೆ, ಏನೂ ಮಾಡಿಲ್ಲ ಅಂತ ಹೇಳಿ. ಅಂಡಾಣುವೋ ವೀರ್ಯಾಣುವೋ ತಯಾರಾಗುವಾಗ ಕ್ರೋಮೋಸೋಮ್ ಜೋಡಿ ಸರಿಯಾಗಿ ಬಿಡಿಸಿಕೊಳ್ಳದೆ ಹೀಗಾಗುತ್ತದೆ. ಜಾಸ್ತಿ ಎಕ್ಸ್ ಹೆಚ್ಚುಕಡಿಮೆ ಅರ್ಧ ಪಾಲು ಜನಕ್ಕೆ ಅಪ್ಪನ ಕಡೆಯಿಂದಲೇ ಬಂದಿರುತ್ತದೆ.

ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಶುರು ಮಾಡಿದ್ದಾರಾ? ಅದು ಮೂಳೆಗೆ, ಶಕ್ತಿಗೆ ಒಳ್ಳೆಯದೇ, ಆದರೆ ಇರುವ ಚೂರುಪಾರು ವೀರ್ಯಾಣು ಉತ್ಪತ್ತಿಯನ್ನೂ ತಗ್ಗಿಸುತ್ತದೆ. ಮೈಕ್ರೋ ಟೀಸೆ ಅನ್ನೋ ಶಸ್ತ್ರಚಿಕಿತ್ಸೆಯಲ್ಲಿ ಮೈಕ್ರೋಸ್ಕೋಪ್ ಇಟ್ಟು ವೃಷಣದೊಳಗೇ ಹುಡುಕುತ್ತಾರೆ. ಎಕ್ಸ್‌ಎಕ್ಸ್‌ವೈ ಇರುವ ಹತ್ತು ಜನರಲ್ಲಿ ಸುಮಾರು ನಾಲ್ವರಿಗೆ ವೀರ್ಯಾಣು ಸಿಗುತ್ತದೆ. ಹಾಗಾಗಿ ಮಗು ಬೇಕು ಅನ್ನೋ ವಿಷಯವನ್ನು ಇಂಜೆಕ್ಷನ್ನಿಗೆ ಮೊದಲೇ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಈಗಾಗಲೇ ಶುರುವಾಗಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಇಬ್ಬರೂ ಹೋಗಿ ಕೇಳಿ.