ಸೋತು ಸೇರಿದ್ದಲ್ಲ, ಸಹಿ ಹಾಕಿ ಸೇರಿದ್ದು: ಸ್ಕಾಟ್ಲೆಂಡ್ ಜಗಳದ ಹಿನ್ನೆಲೆ

ಸ್ಕಾಟ್ಲೆಂಡ್ ಸ್ವಾತಂತ್ರ್ಯ ಅಂದ ತಕ್ಷಣ ನಮ್ಮಲ್ಲಿ ತುಂಬಾ ಜನಕ್ಕೆ ನೆನಪಾಗೋದು ಮುಖಕ್ಕೆ ನೀಲಿ ಬಣ್ಣ ಬಳ್ಕೊಂಡು ಕುದುರೆ ಮೇಲೆ ಕೂಗಾಡೋ ಹಾಲಿವುಡ್ ವಿಲಿಯಂ ವ್ಯಾಲೇಸ್. ಅಂದ್ರೆ ಇಂಗ್ಲೆಂಡ್ ದಂಡೆತ್ತಿ ಹೋಗಿ ಆ ದೇಶಾನ ಗೆದ್ದು ಇಟ್ಕೊಂಡಿದೆ, ಪಾಪ ಅವರು ಬಿಡುಗಡೆಗೆ ಒದ್ದಾಡ್ತಿದ್ದಾರೆ ಅನ್ನೋ ಲೆಕ್ಕ. ಆದ್ರೆ ವ್ಯಾಲೇಸ್ ಸತ್ತು ನಾನೂರು ವರ್ಷ ಆದ್ಮೇಲೆ, 1707ರಲ್ಲಿ, ಎಡಿನ್‌ಬರದ ಪಾರ್ಲಿಮೆಂಟು ತಾನೇ ಮತ ಹಾಕಿ ತನ್ನ ಬಾಗಿಲು ಮುಚ್ಕೊಂಡಿದ್ದು. ಹಾಗಾಗಿ ಅಲ್ಲಿನ ಜಗಳದ ಬುಡ ಇರೋದು ಯುದ್ಧಭೂಮೀಲಿ ಅಲ್ಲ, ಒಂದು ಕಾಗದದಲ್ಲಿ. ಅದಕ್ಕೆ ಸಹಿ ಹಾಕಿದ್ದು ಯಾರು, ಯಾವ ಪರಿಸ್ಥಿತೀಲಿ ಹಾಕಿದ್ರು, ಈಗ ಬೇಡ ಅನ್ಸಿದ್ರೆ ಯಾರನ್ನ ಕೇಳ್ಬೇಕು, ಇದೇ ಪ್ರಶ್ನೆ ಮುನ್ನೂರು ವರ್ಷದಿಂದ ಸುತ್ತಿ ಸುತ್ತಿ ಬರ್ತಿದೆ.

ಹಳೇ ಯುದ್ಧಗಳ ಕಥೆ ಬೇಗ ಮುಗಿಸ್ತೀನಿ. 1286ರಲ್ಲಿ ಸ್ಕಾಟ್ಲೆಂಡಿನ ರಾಜ 3ನೇ ಅಲೆಕ್ಸಾಂಡರ್ ರಾತ್ರಿ ಕುದುರೆ ಸವಾರಿ ಹೋಗಿ ಬಿದ್ದು ಸತ್ತ, ವಾರಸುದಾರಳಾಗಿದ್ದ ಮೊಮ್ಮಗಳೂ ನಾಲ್ಕು ವರ್ಷಕ್ಕೆ ತೀರ್ಕೊಂಡ್ಳು, ಸಿಂಹಾಸನ ನಂದು ಅಂತ ಹದಿಮೂರು ಜನ ಎದ್ದು ನಿಂತ್ರು. ಪಂಚಾಯ್ತಿ ಮಾಡಿ ಅಂತ ಇಂಗ್ಲೆಂಡಿನ 1ನೇ ಎಡ್ವರ್ಡ್‌ನ ಕರೆದದ್ದೇ ಎಡವಟ್ಟಾಯ್ತು. ಪಂಚಾಯ್ತಿಗೆ ಬಂದೋನು ನಾನೇ ಯಜಮಾನ ಅಂದ. 1296ರಲ್ಲಿ ದಂಡೆತ್ತಿ ಬಂದು, ಸ್ಕಾಟ್ ರಾಜರು ಪಟ್ಟಾಭಿಷೇಕಕ್ಕೆ ಕೂರೋ ಸ್ಕೋನ್ ಕಲ್ಲನ್ನೇ ಎತ್ಕೊಂಡು ಹೋಗಿ ವೆಸ್ಟ್‌ಮಿನ್‌ಸ್ಟರ್ ಅಬ್ಬೇಲಿ ಇಟ್ಟ. 1297ರಲ್ಲಿ ಸ್ಟರ್ಲಿಂಗ್ ಸೇತುವೆ ಹತ್ರ ವ್ಯಾಲೇಸ್ ಗೆದ್ದ, ಮುಂದಿನ ವರ್ಷ ಫಾಲ್ಕರ್ಕಲ್ಲಿ ಸೋತ, 1305ರಲ್ಲಿ ಲಂಡನ್ನಲ್ಲಿ ಅವನನ್ನ ಚಿತ್ರಹಿಂಸೆ ಕೊಟ್ಟು ಕೊಂದ್ರು. 1314ರಲ್ಲಿ ಬ್ಯಾನಕ್‌ಬರ್ನಲ್ಲಿ ಸ್ಕಾಟ್ ರಾಜ ರಾಬರ್ಟ್ ಬ್ರೂಸ್ ಲೆಕ್ಕ ಚುಕ್ತಾ ಮಾಡಿದ, 1328ರಲ್ಲಿ ಇಂಗ್ಲೆಂಡೇ ಒಪ್ಪಂದ ಮಾಡ್ಕೊಂಡು ಸ್ಕಾಟ್ಲೆಂಡ್ ಬೇರೆ ರಾಜ್ಯ ಅಂತ ಒಪ್ಪಿಕೊಳ್ತು. ಅಂದ್ರೆ ಆ ಯುದ್ಧದಲ್ಲಿ ಕೊನೆಗೆ ಗೆದ್ದಿದ್ದು ಸ್ಕಾಟ್ಲೆಂಡು, ಇದನ್ನ ಜನ ಮರೀತಾರೆ. ಆಮೇಲೂ ಗಡಿ ಜಗಳ ನಿಲ್ಲಲಿಲ್ಲ ಬಿಡಿ, 1513ರ ಫ್ಲಾಡನ್ ಯುದ್ಧದಲ್ಲಿ ರಾಜ 4ನೇ ಜೇಮ್ಸ್‌ನೇ ಸತ್ತ. 1650ರ ದಶಕದಲ್ಲಿ, ರಾಜನನ್ನ ಇಳಿಸಿ ಇಂಗ್ಲೆಂಡ್ ಆಳ್ತಿದ್ದ ಕ್ರಾಮ್‌ವೆಲ್ ಒಂದಷ್ಟು ವರ್ಷ ಸ್ಕಾಟ್ಲೆಂಡನ್ನ ನಿಜವಾಗ್ಲೂ ಗೆದ್ದು ಇಟ್ಕೊಂಡಿದ್ದ, ಆದ್ರೆ 1660ಕ್ಕೆ ಅದೂ ಮುಗೀತು. ತಮಾಷೆ ಏನಪ್ಪಾ ಅಂದ್ರೆ 1603ರಲ್ಲಿ ಎರಡೂ ಕಿರೀಟ ಒಂದೇ ತಲೆ ಮೇಲೆ ಬಂದಾಗ ಆ ತಲೆ ಸ್ಕಾಟ್ಲೆಂಡಿಂದು. ಎಲಿಜಬೆತ್‌ಗೆ ಮಕ್ಕಳಿರ್ಲಿಲ್ಲ, ಸ್ಕಾಟ್ ರಾಜ 6ನೇ ಜೇಮ್ಸ್ ಲಂಡನ್ನಿಗೆ ಹೋಗಿ ಇಂಗ್ಲೆಂಡಿಗೂ ರಾಜ ಆದ. ರಾಜ ಒಬ್ಬನೇ ಆದ್ರೂ ಪಾರ್ಲಿಮೆಂಟು, ಕಾನೂನು, ಖಜಾನೆ ಎಲ್ಲ ಬೇರೆ ಬೇರೇನೇ ಇತ್ತು.

ನನ್ನ ಪ್ರಕಾರ ಇಡೀ ಕಥೇಲಿ ನಿಂತು ನೋಡ್ಬೇಕಾದ ಜಾಗ ಡೇರಿಯನ್, ಅಂದ್ರೆ ಪನಾಮಾ ಕಡೆ ವಸಾಹತು ಕಟ್ಟೋಕೆ ಹೋಗಿ ಸ್ಕಾಟ್ ಜನ ಕೈ ಸುಟ್ಕೊಂಡ ಕಥೆ. 1690ರ ದಶಕ ಸ್ಕಾಟ್ಲೆಂಡಿಗೆ ತುಂಬಾ ಕೆಟ್ಟ ಕಾಲ, ಸಾಲು ಸಾಲು ಬೆಳೆ ಹಾಳಾಗಿ ಬರ, ಹಸಿವಿಂದ ಜನ ಸಾಯ್ತಿದ್ರು. ಇಂಗ್ಲೆಂಡಿಗೆ ವಸಾಹತುಗಳಿವೆ, ಈಸ್ಟ್ ಇಂಡಿಯಾ ಕಂಪನಿ ಇದೆ, ನಮಗ್ಯಾಕಿಲ್ಲ ಅಂತ 1695ರಲ್ಲಿ ಅವರೂ ಒಂದು ಕಂಪನಿ ಕಟ್ಟಿದ್ರು. ಅದರ ಹಿಂದಿದ್ದ ತಲೆ ವಿಲಿಯಂ ಪ್ಯಾಟರ್ಸನ್, ಅದಕ್ಕೆ ಮುಂಚಿನ ವರ್ಷ ತಾನೇ ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟು ಹಾಕಿದ್ದ ಸ್ಕಾಟ್‌ಮನ್. ಲಂಡನ್ನಲ್ಲಿ ಷೇರು ಎತ್ತೋಕೆ ಹೋದ್ರೆ ಈಸ್ಟ್ ಇಂಡಿಯಾ ಕಂಪನಿಯವರು ಪಾರ್ಲಿಮೆಂಟಲ್ಲಿ ಗಲಾಟೆ ಮಾಡಿ ನಿಲ್ಲಿಸಿದ್ರು, ಹ್ಯಾಂಬರ್ಗಲ್ಲೂ ಅಡ್ಡಗಾಲು ಹಾಕಿದ್ರು. ಹಠಕ್ಕೆ ಬಿದ್ದ ಸ್ಕಾಟ್ ಜನ, ಡ್ಯೂಕ್‌ಗಳಿಂದ ಹಿಡಿದು ಊರಿನ ವ್ಯಾಪಾರಿಗಳು, ವಿಧವೆಯರ ತನಕ, 4 ಲಕ್ಷ ಪೌಂಡ್ ಷೇರು ಬರೆಸಿದ್ರು. ದೇಶದಲ್ಲಿದ್ದ ನಗದು ಹಣದಲ್ಲಿ ಇದು ಕಾಲು ಭಾಗ ಅಂತ ಕೆಲವರು, ಅರ್ಧ ಅಂತ ಇನ್ನು ಕೆಲವರು ಲೆಕ್ಕ ಹಾಕ್ತಾರೆ.

1698ರ ಜುಲೈಲಿ ಲೀತ್ ಬಂದರಿಂದ ಐದು ಹಡಗು, ಸುಮಾರು 1200 ಜನ ಹೊರಟ್ರು. ಹೋಗಿದ್ದು ಈಗಿನ ಪನಾಮಾ ತೀರಕ್ಕೆ, ಎರಡು ಸಮುದ್ರದ ಮಧ್ಯೆ ವ್ಯಾಪಾರದ ದಾರಿ ಹಿಡಿದು ಕೂತ್ರೆ ದುಡ್ಡೇ ದುಡ್ಡು ಅನ್ನೋ ಲೆಕ್ಕ. ಜಾಗಕ್ಕೆ ಕ್ಯಾಲೆಡೋನಿಯಾ ಅಂತ ಹೆಸರಿಟ್ರು. ಆ ಸೆಕೆ, ಆ ಕಾಡು, ಆ ಮಳೇಲಿ ಮಾರೋಕೆ ಉಣ್ಣೆ ಬಟ್ಟೆ, ಬಾಚಣಿಗೆ, ಕನ್ನಡಿ ತಗೊಂಡು ಹೋಗಿದ್ರು ಅಂದ್ರೆ ನೀವೇ ಯೋಚ್ನೆ ಮಾಡಿ. ಜ್ವರಕ್ಕೆ ಜನ ದಿನಾ ಸಾಯೋಕೆ ಶುರುವಾದ್ರು, ಪ್ಯಾಟರ್ಸನ್ ಹೆಂಡತಿನೂ ಅಲ್ಲೇ ತೀರ್ಕೊಂಡ್ಳು. ಇಷ್ಟರ ಮೇಲೆ ರಾಜ ವಿಲಿಯಂ, ಅಂದ್ರೆ ಇವರಿಗೂ ಅವನೇ ರಾಜ, ಆ ಜಾಗ ನಂದು ಅಂತಿದ್ದ ಸ್ಪೇನ್ ಜತೆ ಯಾಕೆ ಜಗಳ ಅಂತ ಅಮೆರಿಕದಲ್ಲಿದ್ದ ಇಂಗ್ಲಿಷ್ ವಸಾಹತುಗಳಿಗೆ ಆರ್ಡರ್ ಕಳಿಸಿದ್ದ, ಸ್ಕಾಟ್ ಜನಕ್ಕೆ ಯಾವ ಸಹಾಯಾನೂ ಮಾಡಬೇಡಿ ಅಂತ. ಬದುಕಿದ್ದೋರು ಬಿಟ್ಟು ಓಡಿದ್ರು, ಆ ಸುದ್ದಿ ಊರು ಮುಟ್ಟೋ ಮುಂಚೆ ಎರಡನೇ ತಂಡ ಹೊರಟುಬಿಟ್ಟಿತ್ತು, ಅವರನ್ನ 1700ರಲ್ಲಿ ಸ್ಪೇನ್‌ನೋರು ಮುತ್ತಿಗೆ ಹಾಕಿ ಹೊರದಬ್ಬಿದ್ರು. ಒಟ್ಟು ಸುಮಾರು ಎರಡು ಸಾವಿರ ಜನ ಸತ್ರು. ಕೈ ಸುಟ್ಕೊಂಡಿದ್ದು ಬರೀ ಕಂಪನಿ ಅಲ್ಲ, ಇಡೀ ದೇಶ.

ಮುಂದಿನದು ಸಾಲದಲ್ಲಿ ಮುಳುಗಿದ ಮನೆಯವರ ಹತ್ರ ಪಕ್ಕದ ಹೊಲದೋನು ಬಂದು "ಸಾಲ ನಾ ತೀರಿಸ್ತೀನಿ, ಎರಡೂ ಹೊಲ ಒಂದು ಮಾಡೋಣ" ಅಂದ ಹಾಗೆ. 1705ರಲ್ಲಿ ಇಂಗ್ಲೆಂಡ್ ಒಂದು ಕಾಯ್ದೆ ತಂತು, ಮಾತುಕತೆಗೆ ಬರದಿದ್ರೆ ಇಂಗ್ಲೆಂಡಲ್ಲಿ ಸ್ಕಾಟ್ ಜನಾನ ವಿದೇಶೀಯರು ಅಂತ ನೋಡ್ತೀವಿ, ನಿಮ್ಮ ದನ, ಲಿನನ್ ಬಟ್ಟೆ, ಕಲ್ಲಿದ್ದಲು ಒಳಗೆ ಬಿಡಲ್ಲ ಅಂತ. ಇನ್ನೊಂದು ಕೈಲಿ ದುಡ್ಡು. ಒಪ್ಪಂದದ 15ನೇ ಕಲಮಲ್ಲೇ 3,98,085 ಪೌಂಡ್ 10 ಶಿಲಿಂಗ್ ಸ್ಕಾಟ್ಲೆಂಡಿಗೆ ಕೊಡ್ತೀವಿ ಅಂತ ಬರೆದ್ರು, ಅದರಲ್ಲಿ ಡೇರಿಯನ್ ಷೇರುದಾರರಿಗೆ ಬಡ್ಡಿ ಸಮೇತ ವಾಪಸ್. ಷೇರು ಕಳ್ಕೊಂಡಿದ್ದ ಎಷ್ಟೋ ಜನ ಅದೇ ಪಾರ್ಲಿಮೆಂಟಲ್ಲಿ ಮತ ಹಾಕೋರು. ಇದಲ್ಲದೆ ಗುಟ್ಟಾಗಿ 20 ಸಾವಿರ ಪೌಂಡ್ ಲಂಡನ್ನಿಂದ ಬಂದು ಹಂಚಿಕೆ ಆಯ್ತು, ಬಾಕಿ ಸಂಬಳ ಅಂತ ಅದಕ್ಕೊಂದು ಹೆಸರು. ಎಡಿನ್‌ಬರ, ಗ್ಲಾಸ್ಗೋ ಬೀದೀಲಿ ಜನ ಗಲಾಟೆ ಎಬ್ಬಿಸಿದ್ರು, ಊರೂರಿಂದ ಬೇಡ ಅಂತ ಮನವಿ ಬಂತು, ಯಾರೂ ಕೇಳ್ಲಿಲ್ಲ. ಸಾಮಾನ್ಯ ಜನಕ್ಕೆ ಆಗ ಮತಾನೇ ಇರ್ಲಿಲ್ಲ. 1707ರ ಮೇ 1ರಿಂದ ಎರಡೂ ರಾಜ್ಯ "ಎಂದೆಂದಿಗೂ" ಒಂದು ಅಂತ ಕಾಗದದಲ್ಲಿ ಬರೆದದ್ದು. ಸ್ಕಾಟ್ ಕಾನೂನು, ಕೋರ್ಟು, ಚರ್ಚು ಮಾತ್ರ ಹಾಗೇ ಉಳಿಸ್ಕೊಂಡ್ರು. ಇವತ್ತಿಗೂ ಅದು ಬೇರೇನೇ, ಸ್ಕಾಟ್ಲೆಂಡ್ ಇಂಗ್ಲೆಂಡೊಳಗೆ ಕರಗಿ ಹೋಗದೇ ಇರೋದಕ್ಕೆ ದೊಡ್ಡ ಕಾರಣ ಇದೇ ಅಂತ ನನಗನ್ಸುತ್ತೆ.

ಎಂದೆಂದಿಗೂ ಅಂದಿದ್ದು ಆರು ವರ್ಷಕ್ಕೇ ಅಲ್ಲಾಡ್ತು. ಬಿಯರ್ ಮಾಡೋಕೆ ಬಳಸೋ ಮಾಲ್ಟ್ ಮೇಲೆ ತೆರಿಗೆ ಹಾಕಿದ್ರು ಅಂತ 1713ರಲ್ಲಿ ಲಾರ್ಡ್ಸ್ ಸಭೇಲಿ ಈ ಒಕ್ಕೂಟ ಮುರೀರಿ ಅಂತ ಮಸೂದೆ ತರೋಕೆ ಹೊರಟ್ರು. ಹೊರಟೋರು ಯಾರು ಅಂದ್ರೆ 1707ರಲ್ಲಿ ಸ್ಕಾಟ್ಲೆಂಡಿನ ಚಾನ್ಸಲರ್ ಆಗಿದ್ದು ಇದೇ ಒಪ್ಪಂದ ಪಾಸ್ ಮಾಡಿಸಿದ್ದ ಸೀಫೀಲ್ಡ್. ಬರೀ ನಾಲ್ಕು ಮತದಲ್ಲಿ ಬಿದ್ದೋಯ್ತು.

ಇದಾದ್ಮೇಲೆ ಬರೋ ಎರಡು ನೋವು, ಕಲೋಡನ್ ಮತ್ತೆ ಒಕ್ಕಲೆಬ್ಬಿಸಿದ್ದು. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಲ್ಲಿ ಪಟ್ಟ ಕಳ್ಕೊಂಡಿದ್ದ ಹಳೇ ರಾಜವಂಶಕ್ಕೆ ಸಿಂಹಾಸನ ವಾಪಸ್ ಬೇಕು ಅಂತ ದಂಡೆದ್ದಿದ್ದ ಬಾನಿ ಪ್ರಿನ್ಸ್ ಚಾರ್ಲಿಯ ಸೈನ್ಯ ಒಂದು ಗಂಟೆಯೊಳಗೆ ನುಚ್ಚುನೂರಾಯ್ತು, ಆಮೇಲೆ ಗಾಯಾಳುಗಳನ್ನೂ ಬಿಡದೆ ಕೊಂದ್ರು, ಹೈಲ್ಯಾಂಡ್, ಅಂದ್ರೆ ಉತ್ತರದ ಬೆಟ್ಟದ ಸೀಮೆಯ ಉಡುಪನ್ನೇ ಕಾಯ್ದೆ ಮಾಡಿ ನಿಷೇಧಿಸಿದ್ರು, 1782ರವರೆಗೂ. ಇದನ್ನ ಇಂಗ್ಲಿಷರು ವರ್ಸಸ್ ಸ್ಕಾಟರು ಅಂತ ಹೇಳೋದು ಸುಲಭ, ಆದ್ರೆ ಗೆದ್ದ ಸೈನ್ಯದಲ್ಲೂ ಸ್ಕಾಟ್ ಪಡೆಗಳಿದ್ವು. ಒಕ್ಕಲೆಬ್ಬಿಸಿದ್ದೂ ಹಾಗೇ. ಕುರಿ ಸಾಕಿದ್ರೆ ಲಾಭ ಜಾಸ್ತಿ ಅಂತ ತಲೆತಲಾಂತರದಿಂದ ಇದ್ದ ರೈತರನ್ನ ಓಡಿಸಿ, ಮತ್ತೆ ಬರದ ಹಾಗೆ ಮನೆ ಸೂರಿಗೆ ಬೆಂಕಿ ಇಟ್ರು. 1814ರಲ್ಲಿ ಸ್ಟ್ರಾತ್‌ನೇವರ್‌ನಲ್ಲಿ ಈ ಕೆಲಸಕ್ಕೆ ನಿಂತೋನು ಪ್ಯಾಟ್ರಿಕ್ ಸೆಲ್ಲರ್, ಸ್ಕಾಟ್ ವಕೀಲ. ಹೈಲ್ಯಾಂಡಿನ ಎಷ್ಟೋ ಜಮೀನ್ದಾರರು ಅಲ್ಲಿಯ ಕುಲದ ಮುಖ್ಯಸ್ಥರೇ. ಬೈಗುಳ ಮಾತ್ರ ಎಲ್ಲ ಸೇರಿ ಲಂಡನ್ನಿಗೆ.

ಅದೇ ಹೊತ್ತಿಗೆ ಇನ್ನೊಂದು ಕಡೆ ಸಾಮ್ರಾಜ್ಯದ ಲಾಭಾನೂ ಸ್ಕಾಟ್ಲೆಂಡಿಗೆ ಚೆನ್ನಾಗೇ ಬಂತು, ಇದಕ್ಕೆ ಸಾಕ್ಷಿ ನಮ್ಮ ಶ್ರೀರಂಗಪಟ್ಟಣದಲ್ಲೇ ಇದೆ. ಅಲ್ಲಿ ಬೇಯ್ಲಿ ಡಂಜನ್ ಅಂತ ತೋರಿಸ್ತಾರಲ್ಲ, ಆ ಕರ್ನಲ್ ಬೇಯ್ಲಿ ಇನ್ವರ್ನೆಸ್ ಕಡೆಯವ. ಅವನ ಜತೆ ಸೆರೆ ಸಿಕ್ಕು, ಬಿಡುಗಡೆ ಆಗಿ, 1799ರಲ್ಲಿ ಕೋಟೆ ಮೇಲಿನ ದಾಳಿಗೆ ಮುಂದೆ ನಿಂತ ಡೇವಿಡ್ ಬೇರ್ಡ್ ಸ್ಕಾಟು. ಕೆನರಾ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಗ್ಲಾಸ್ಗೋದವ, ಮೈಸೂರು ಸೀಮೆ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದವ. ನಾವು ಇವರೆಲ್ಲರನ್ನೂ "ಇಂಗ್ಲಿಷರು" ಅಂತ ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದೀವಿ. ಸಾಮ್ರಾಜ್ಯ, ಹಡಗು ಕಟ್ಟೋ ಕ್ಲೈಡ್ ನದಿ, ಉಕ್ಕು, ಕಲ್ಲಿದ್ದಲು ಇದೆಲ್ಲ ನಡೀತಿರೋವರೆಗೂ ಬೇರೆ ಆಗೋಣ ಅನ್ನೋ ಮಾತಿಗೆ ಗಿರಾಕಿ ಕಮ್ಮಿ. 1934ರಲ್ಲಿ ಸ್ವಾತಂತ್ರ್ಯ ಬೇಕು ಅನ್ನೋ ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಹುಟ್ಟಿದ್ರೂ ಕಾಲು ಶತಮಾನಕ್ಕಿಂತ ಜಾಸ್ತಿ ಮೂಲೇಲೇ ಇತ್ತು.

ಆದ್ರೂ ಒಳಗೊಳಗೆ ಹೊಗೆ ಇತ್ತು ಅನ್ನೋಕೆ ಒಂದು ಅಂಚೆ ಡಬ್ಬದ ಕಥೆ. ರಾಣಿ ಪಟ್ಟಕ್ಕೆ ಬಂದಾಗ ಹೊಸ ಕೆಂಪು ಡಬ್ಬಗಳ ಮೇಲೆ "2ನೇ ಎಲಿಜಬೆತ್" ಅನ್ನೋ ಗುರುತು ಎರಕ ಹೊಯ್ದಿದ್ರು. 1ನೇ ಎಲಿಜಬೆತ್ ಸ್ಕಾಟ್ಲೆಂಡಿಗೆ ರಾಣಿ ಆಗೇ ಇರ್ಲಿಲ್ಲವಲ್ಲ, ನಮಗೆ ಇವಳೇ ಮೊದಲನೇಯವಳು ಅಂತ ಜನ ಕೆರಳಿದ್ರು. 1952ರ ಕೊನೇಲಿ ಎಡಿನ್‌ಬರದ ಇಂಚ್ ಬಡಾವಣೇಲಿ ಅಂಥ ಡಬ್ಬ ನಿಲ್ಲಿಸಿದ್ರೆ ಒಂದು ದಿನ ಟಾರ್ ಬಳಿದ್ರು, ಇನ್ನೊಂದು ದಿನ ಸುತ್ತಿಗೆ ಏಟು, ಫೆಬ್ರವರಿ 1953ರಲ್ಲಿ ಸ್ಫೋಟಕ ಇಟ್ಟು ಹಾರಿಸೇ ಬಿಟ್ರು. ಸರ್ಕಾರ ಸುಮ್ಮನೆ ಹಿಂದೆ ಸರೀತು, ಆಮೇಲೆ ಸ್ಕಾಟ್ಲೆಂಡಿನ ಡಬ್ಬಗಳ ಮೇಲೆ ಬರೀ ಸ್ಕಾಟ್ ಕಿರೀಟ, ನಂಬರ್ ಇಲ್ಲ. ಇದೇ ಜಗಳ ಕೋರ್ಟಿಗೂ ಹೋಗಿತ್ತು. ಕೇಸ್ ಹಾಕಿದೋರು ಸೋತ್ರು, ಆದ್ರೆ ಜಡ್ಜ್ ಲಾರ್ಡ್ ಕೂಪರ್ ತೀರ್ಪಲ್ಲಿ ಪಾರ್ಲಿಮೆಂಟೇ ಪರಮಾಧಿಕಾರಿ ಅನ್ನೋದು ಇಂಗ್ಲೆಂಡಿನ ತತ್ವ, ಸ್ಕಾಟ್ ಕಾನೂನಲ್ಲಿ ಅಂಥದ್ದಿಲ್ಲ ಅಂತ ಬರೆದುಬಿಟ್ರು. 1707ರ ಕಾಗದ ಎಂಥದ್ದು ಅನ್ನೋ ಪ್ರಶ್ನೇನ ಮತ್ತೆ ಕೆದಕಿದ ಹಾಗಾಯ್ತು.

ನಿಜವಾದ ತಿರುವು ಎಣ್ಣೆ. 1970ರಲ್ಲಿ ಉತ್ತರ ಸಮುದ್ರದಲ್ಲಿ ಫಾರ್ಟೀಸ್ ಅನ್ನೋ ದೊಡ್ಡ ನಿಕ್ಷೇಪ ಸಿಕ್ತು, ಎಣ್ಣೆ ಸ್ಕಾಟ್ಲೆಂಡಿಂದು ಅಂತ ಎಸ್‌ಎನ್‌ಪಿ ಘೋಷಣೆ ಹಾಕಿ 1974ರ ಅಕ್ಟೋಬರಲ್ಲಿ ಬ್ರಿಟನ್ ಪಾರ್ಲಿಮೆಂಟಿನ 11 ಸೀಟು ಗೆಲ್ತು. ಅದೇ ವರ್ಷ ಸರ್ಕಾರದ ಅರ್ಥಶಾಸ್ತ್ರಜ್ಞ ಗ್ಯಾವಿನ್ ಮೆಕ್ರೋನ್, ಈ ಎಣ್ಣೆ ಇದ್ರೆ ಸ್ವತಂತ್ರ ಸ್ಕಾಟ್ಲೆಂಡಿನ ಕರೆನ್ಸಿ ಯುರೋಪಲ್ಲೇ ಗಟ್ಟಿ ಕರೆನ್ಸಿಗಳಲ್ಲಿ ಒಂದಾಗಬಹುದು ಅಂತ ವರದಿ ಕೊಟ್ಟಿದ್ದ. ಅದನ್ನ ಗುಟ್ಟಾಗಿಟ್ರು, ಹೊರಗೆ ಬಂದಿದ್ದು 2005ರಲ್ಲಿ. ಹಳೇ ರಾಜರ ಕಥೆಗಿಂತ ಈ ಒಂದು ವರದಿ ಇವತ್ತಿನ ಸ್ಕಾಟ್‌ನ ಜಾಸ್ತಿ ಉರಿಸುತ್ತೆ.

1979ರಲ್ಲಿ ಸ್ವಂತ ಅಸೆಂಬ್ಲಿ ಬೇಕಾ ಅಂತ ಜನಮತ ಕೇಳಿದ್ರು. 51.6% ಹೌದು ಅಂದ್ರು. ಆದ್ರೂ ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ, ಯಾಕಂದ್ರೆ ಒಟ್ಟು ಮತದಾರರ ಪಟ್ಟೀಲಿ 40% ಹೌದು ಅನ್ಬೇಕು ಅಂತ ಷರತ್ತು ತೂರಿಸಿದ್ರು. ಮನೇಲಿ ಕೂತೋರು, ಪಟ್ಟೀಲಿ ಹೆಸರು ಉಳಿದ ಸತ್ತೋರು, ಎಲ್ಲ ಬೇಡ ಅಂದ ಲೆಕ್ಕ. ಷರತ್ತು ತೂರಿಸಿದ ಎಂಪಿ ಲಂಡನ್ ಸೀಟಿಂದ ಗೆದ್ದಿದ್ದ ಸ್ಕಾಟೇ, ಜಾರ್ಜ್ ಕನಿಂಗ್‌ಹ್ಯಾಮ್. ಸಿಟ್ಟಲ್ಲಿ ಎಸ್‌ಎನ್‌ಪಿಯವರು ಲೇಬರ್ ಸರ್ಕಾರದ ವಿರುದ್ಧ ಮತ ಹಾಕಿದ್ರು, ಸರ್ಕಾರ ಒಂದೇ ಮತದಲ್ಲಿ ಬಿತ್ತು, ಬಂದಿದ್ದು ಕನ್ಸರ್ವೇಟಿವ್ ಪಕ್ಷದ ಮಾರ್ಗರೆಟ್ ಥ್ಯಾಚರ್. ಎಸ್‌ಎನ್‌ಪಿ 11ರಿಂದ 2ಕ್ಕೆ ಇಳೀತು.

ಥ್ಯಾಚರ್ ಕಾಲದಲ್ಲಿ ಗಣಿ, ಉಕ್ಕು, ಹಡಗುಕಟ್ಟೆ ಒಂದೊಂದಾಗಿ ಮುಚ್ಚಿದ್ವು. 1955ರಲ್ಲಿ ಸ್ಕಾಟ್ಲೆಂಡಿನ ಅರ್ಧಕ್ಕಿಂತ ಜಾಸ್ತಿ ಮತ ತಗೊಂಡಿದ್ದ ಕನ್ಸರ್ವೇಟಿವ್ ಬಣಕ್ಕೆ 1987ರಲ್ಲಿ ಅಲ್ಲಿನ 72 ಸೀಟಲ್ಲಿ ಸಿಕ್ಕಿದ್ದು 10, ಆದ್ರೂ ಆಳ್ವಿಕೆ ಅವರದ್ದೇ. 1989ರಲ್ಲಿ ತಲೆಗಂದಾಯ, ಅಂದ್ರೆ ಪೋಲ್ ಟ್ಯಾಕ್ಸ್, ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲು ಸ್ಕಾಟ್ಲೆಂಡಲ್ಲಿ ಹಾಕಿದ್ರು. ನಾವೇನು ಪ್ರಯೋಗದ ಇಲೀನಾ ಅಂತ ಜನ ಕಟ್ಟೋದನ್ನೇ ನಿಲ್ಲಿಸಿದ್ರು. 1997ರಲ್ಲಿ ಕನ್ಸರ್ವೇಟಿವ್‌ಗೆ ಅಲ್ಲಿ ಸೊನ್ನೆ. ಅದೇ ವರ್ಷ ಸೆಪ್ಟೆಂಬರ್ 11ಕ್ಕೆ, ಸ್ಟರ್ಲಿಂಗ್ ಸೇತುವೆ ಯುದ್ಧಕ್ಕೆ ಸರಿಯಾಗಿ 700 ವರ್ಷ ತುಂಬಿದ ದಿನ, 74.3% ಜನ ಸ್ವಂತ ಪಾರ್ಲಿಮೆಂಟ್ ಬೇಕು ಅಂದ್ರು, 1999ರಲ್ಲಿ ಅದು ಶುರುವಾಯ್ತು.

ಇಂಗ್ಲೆಂಡಿನೋರಿಗೂ ದೂರಿದೆ, ಅದನ್ನೂ ಹೇಳ್ಬೇಕು. ಸ್ಕಾಟ್ಲೆಂಡಲ್ಲಿ ತಲೆಗೆ ಇಷ್ಟು ಅಂತ ಸರ್ಕಾರ ಖರ್ಚು ಮಾಡೋದು ಇಂಗ್ಲೆಂಡಿಗಿಂತ ಜಾಸ್ತಿ, ಅಲ್ಲಿನ ಹುಡುಗರಿಗೆ ಯೂನಿವರ್ಸಿಟಿ ಫೀಸಿಲ್ಲ, ಡಾಕ್ಟರ್ ಬರೆದ ಔಷಧಿಗೆ ದುಡ್ಡಿಲ್ಲ. 2004ರಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳ ಫೀಸು ಏರಿಸೋ ಮಸೂದೆ ಐದು ಮತದಲ್ಲಿ ಗೆದ್ದಿದ್ದು ಸ್ಕಾಟ್ ಎಂಪಿಗಳ ಬಲದಿಂದ. ಉರಿಯಲ್ವಾ ಮತ್ತೆ.

2014ರ ಸೆಪ್ಟೆಂಬರ್ 18ರಂದು ಸ್ವಾತಂತ್ರ್ಯ ಬೇಕಾ ಅಂತ ಕೇಳಿದ ಜನಮತದಲ್ಲಿ ಬೇಡ 55.3%, ಬೇಕು 44.7%, ಮತ ಹಾಕಿದೋರು 84.6%. ಕೊನೇ ವಾರ ಸರ್ವೇಗಳು ಸಮಸಮ ತೋರಿಸಿದಾಗ ಲಂಡನ್ನಿನ ಮೂರೂ ಪಕ್ಷದ ನಾಯಕರು ಜಾಸ್ತಿ ಅಧಿಕಾರ ಕೊಡ್ತೀವಿ ಅಂತ ಪತ್ರಿಕೆ ಮುಖಪುಟದಲ್ಲಿ ಸಹಿ ಹಾಕಿ ಮೂಗಿಗೆ ತುಪ್ಪ ಸವರಿದ್ರು. ಫಲಿತಾಂಶ ಬಂದ ಬೆಳಗ್ಗೇನೇ ಪ್ರಧಾನಿ ಆಗಿದ್ದ ಕ್ಯಾಮರಾನ್ ಹೊರಗೆ ಬಂದು ಇಂಗ್ಲೆಂಡಿನ ಕಾನೂನಿಗೆ ಇಂಗ್ಲೆಂಡಿನ ಎಂಪಿಗಳದ್ದೇ ಮತ ಅನ್ನೋ ರಾಗ ತೆಗೆದ್ರು. ಮುಂದಿನ ವರ್ಷ ಎಸ್‌ಎನ್‌ಪಿ 59ರಲ್ಲಿ 56 ಸೀಟು ಬಾಚಿಕೊಳ್ತು. ಬೇರೆ ಆದ್ರೆ ಯುರೋಪಿಯನ್ ಯೂನಿಯನ್ನಿಂದ ಹೊರಗೆ ಬೀಳ್ತೀರಿ ಹುಷಾರ್ ಅಂತ ಹೆದರಿಸಿದ್ರಲ್ಲ, 2016ರಲ್ಲಿ ಸ್ಕಾಟ್ಲೆಂಡಿನ 62% ಜನ ಉಳೀತೀವಿ ಅಂದ್ರೂ ಬ್ರೆಕ್ಸಿಟ್ ಹೆಸರಲ್ಲಿ ಹೊರಗೆ ಎಳ್ಕೊಂಡು ಹೋಗಿದ್ದು ಬ್ರಿಟನ್ನೇ.

ಹಂಗಂತ ಸ್ವಾತಂತ್ರ್ಯದ ಲೆಕ್ಕ ಸಲೀಸಾಗಿಲ್ಲ. ಯಾವ ಕರೆನ್ಸಿ ಅನ್ನೋದಕ್ಕೆ 2014ರಲ್ಲೂ ನೆಟ್ಟಗೆ ಉತ್ತರ ಇರ್ಲಿಲ್ಲ, ಆ ಜನಮತ ಆಗಿ ಕೆಲವೇ ತಿಂಗಳಿಗೆ ಎಣ್ಣೆ ಬೆಲೆ ಅರ್ಧಕ್ಕೆ ಕುಸೀತು. ಬ್ರೆಕ್ಸಿಟ್ ಆದ್ಮೇಲಂತೂ ಯುರೋಪಿಗೆ ಸೇರಿದ್ರೆ ಇಂಗ್ಲೆಂಡ್ ಜತೆ ಗಡೀಲಿ ಕಸ್ಟಮ್ಸ್ ಬರುತ್ತೆ, ಸ್ಕಾಟ್ಲೆಂಡಿನ ಸರಕಿಗೆ ದೊಡ್ಡ ಗಿರಾಕಿ ಇಂಗ್ಲೆಂಡೇ. 2024ರ ಚುನಾವಣೇಲಿ ಎಸ್‌ಎನ್‌ಪಿ 57ರಲ್ಲಿ 9ಕ್ಕೆ ಇಳೀತು, ಆದ್ರೂ ಸರ್ವೇಗಳಲ್ಲಿ ಸ್ವಾತಂತ್ರ್ಯ ಬೇಕು ಅನ್ನೋರು ಹೆಚ್ಚುಕಮ್ಮಿ ಅರ್ಧದ ಹತ್ರಾನೇ ನಿಂತಿದ್ದಾರೆ, ಹುಡುಗರಲ್ಲಿ ಜಾಸ್ತಿ, ವಯಸ್ಸಾದೋರಲ್ಲಿ ಕಮ್ಮಿ.

ಮತ್ತೆ ಅದೇ ಕಾಗದದ ಹತ್ರ ಬಂದು ನಿಲ್ಲುತ್ತೆ ಎಲ್ಲ. ಲಂಡನ್ ಒಪ್ಪಿಗೆ ಇಲ್ಲದೆ ನಾವೇ ಇನ್ನೊಂದು ಜನಮತ ನಡೆಸಬಹುದಾ ಅಂತ ಕೇಳಿದ್ದಕ್ಕೆ 2022ರ ನವೆಂಬರ್ 23ರಂದು ಬ್ರಿಟನ್ ಸುಪ್ರೀಂ ಕೋರ್ಟಲ್ಲಿ ಕೇಸ್ ಕೇಳಿದ ಐದೂ ಜಡ್ಜ್‌ಗಳು ಆಗಲ್ಲ ಅಂದ್ರು. ಉತ್ತರ ಐರ್ಲೆಂಡಿಗಾದ್ರೆ 1998ರ ಕಾಯ್ದೇಲೇ ದಾರಿ ಬರೆದಿದೆ, ಬಹುಮತ ಬದಲಾಗೋ ಲಕ್ಷಣ ಕಂಡ್ರೆ ಮಂತ್ರಿ ಜನಮತ ನಡೆಸಲೇಬೇಕು, ಒಂದು ನಡೆದ ಮೇಲೆ ಇನ್ನೊಂದಕ್ಕೆ ಏಳು ವರ್ಷ ಅಂತರ ಇರ್ಬೇಕು. ಸ್ಕಾಟ್ಲೆಂಡಿಗೆ ಅಂಥ ಒಂದು ಸಾಲೂ ಇಲ್ಲ. ಎಷ್ಟು ಪರ್ಸೆಂಟ್ ಜನ, ಎಷ್ಟು ವರ್ಷ, ಎಷ್ಟು ಚುನಾವಣೇಲಿ ಕೇಳಿದ್ರೆ ಲಂಡನ್ ಹೂಂ ಅನ್ಬೇಕು ಅನ್ನೋದನ್ನ ಯಾವ ಸರ್ಕಾರಾನೂ ಕಾಯ್ದೇಲಿ ಬರೆದಿಲ್ಲ, ಬರೆಯೋ ಆತುರಾನೂ ಅವರಿಗಿಲ್ಲ.