ಟ್ರಾನ್ಸ್‌ಪಾಂಡರ್: ಓಗೊಡುವುದು ಬೇರೆ, ಕಿವಿಗೊಡುವುದು ಬೇರೆ

'ಕೆಲವೇ ಸಾವಿರಕ್ಕೆ ನಿಮ್ಮ ದೋಣಿಗೆ ಎಐಎಸ್ ಟ್ರಾನ್ಸ್‌ಪಾಂಡರ್!' ಇಂಥ ಇನ್ನೊಂದು ವಿಡಿಯೊವನ್ನು ಮೊನ್ನೆ ಯಾರೋ ಕಳಿಸಿದರು. ಎಐಎಸ್ ಅಂದರೆ ಹಡಗುಗಳು ತಮ್ಮ ಗುರುತು, ಜಾಗ ಸಾರಿಕೊಳ್ಳುವ ರೇಡಿಯೊ ಏರ್ಪಾಡು. ತೆರೆದರೆ ಅದೇ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್. ಕಂಪ್ಯೂಟರ್‌ನಲ್ಲಿ ಟಿವಿ ನೋಡಲೆಂದು ಹುಟ್ಟಿದ ಯುಎಸ್‌ಬಿ ಕಡ್ಡಿ. ಹಡಗುಗಳ ಸಿಗ್ನಲ್ ಅದರಲ್ಲಿ ಸಿಗುತ್ತದೆ, ಒಪ್ಪೋಣ. ಆದರೆ ಅದು ಬರೀ ರಿಸೀವರ್: ಕೇಳಿಸಿಕೊಳ್ಳುತ್ತದೆ, ತಾನೇನೂ ಕಳಿಸುವುದಿಲ್ಲ.

ಟ್ರಾನ್ಸ್‌ಪಾಂಡರ್ ಎಂಬ ಪದವನ್ನು ಒಡೆದು ನೋಡಿ. ಟ್ರಾನ್ಸ್‌ಮಿಟರ್‌ನ ತಲೆ, ರೆಸ್ಪಾಂಡರ್‌ನ ಬಾಲ. ಎರಡನೇ ಮಹಾಯುದ್ಧದಲ್ಲಿ ರೇಡಾರ್‌ಗೆ ಕಂಡ ವಿಮಾನ ನಮ್ಮದೋ ಶತ್ರುವಿನದೋ ಗೊತ್ತಾಗಬೇಕಿತ್ತು. ನೆಲದಿಂದ ಸಿಗ್ನಲ್ ಹೋಗಿ 'ಯಾರದು?' ಎಂದರೆ ವಿಮಾನದೊಳಗಿನ ಪೆಟ್ಟಿಗೆ ಉತ್ತರ ಕೊಡುತ್ತಿತ್ತು. ವಿಮಾನಗಳಲ್ಲಿ ಇಂದಿಗೂ ಅದೇ ರೀತಿ: 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ, 1090ರಲ್ಲಿ ಉತ್ತರ. ಇದಕ್ಕೆ ಕನ್ನಡದಲ್ಲಿ ಎಷ್ಟು ಚಂದದ ಮಾತಿದೆ ನೋಡಿ, ಓಗೊಡುವುದು. 'ಓ'ಗೆ 'ಕೊಡು' ಸೇರಿ, ಕಕಾರ ಗಕಾರವಾಗಿ ಓಗೊಡು. ಯಾರಾದರೂ ಕರೆದರೆ ತಾನೇ ಓ ಅನ್ನುವುದು?

ಹಾಗೆ ನೋಡಿದರೆ ಹಡಗಿನ ಎಐಎಸ್ ಪೆಟ್ಟಿಗೆಗೂ ಈ ಹೆಸರು ಪೂರ್ತಿ ಹೊಂದುವುದಿಲ್ಲ. ಕೇಳಿದ್ದಕ್ಕೆ ಉತ್ತರಿಸುವ ಏರ್ಪಾಡು ಅದರಲ್ಲಿದೆ, ನಿಜ. ಆದರೆ ಅದರ ದಿನದ ಕೆಲಸ ಬೀದಿಯಲ್ಲಿ 'ಮೀನು... ಮೀನು...' ಎಂದು ಕೂಗುತ್ತಾ ಹೋಗುವವರದ್ದು. ಯಾರೂ ಕೇಳದಿದ್ದರೂ ಕೂಗು ನಿಲ್ಲುವುದಿಲ್ಲ. ಓಡುತ್ತಿರುವ ದೊಡ್ಡ ಹಡಗು 2ರಿಂದ 10 ಸೆಕೆಂಡಿಗೊಮ್ಮೆ ತಾನೆಲ್ಲಿದ್ದೇನೆ, ಎಷ್ಟು ವೇಗ, ಯಾವ ದಿಕ್ಕು ಎಂದು ಸಾರುತ್ತದೆ. ಲಂಗರು ಹಾಕಿದ್ದರೆ 3 ನಿಮಿಷಕ್ಕೊಮ್ಮೆ. ಹೆಸರು, ಹೋಗುವ ಬಂದರು 6 ನಿಮಿಷಕ್ಕೊಮ್ಮೆ. ಎಲ್ಲವೂ 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ, ಗುಟ್ಟಿಲ್ಲದೆ. ಅದಕ್ಕೇ ಅಗ್ಗದ ಡಾಂಗಲ್ ಸಾಕಾಗುವುದು.

ಕಿವಿಗೊಡಲು ಜಾಸ್ತಿ ಏನೂ ಬೇಡ. ಸುಮಾರು 46 ಸೆಂಟಿಮೀಟರ್ ಉದ್ದದ ಆ್ಯಂಟೆನಾ, ಸಿಗ್ನಲ್ ಬಿಡಿಸಲು ಎಐಎಸ್-ಕ್ಯಾಚರ್, ನಕ್ಷೆಗೆ ಓಪನ್‌ಸಿಪಿಎನ್. ಎರಡು ತಂತ್ರಾಂಶವೂ ಪುಕ್ಕಟೆ. ಆ್ಯಂಟೆನಾ ಮಾತ್ರ ಆದಷ್ಟು ಎತ್ತರದಲ್ಲಿರಲಿ. ಎಐಎಸ್ ಬಳಸುವ ವಿಎಚ್‌ಎಫ್ ರೇಡಿಯೊ ಅಲೆ ಹೆಚ್ಚುಕಡಿಮೆ ನೇರ ದಾರಿಯದ್ದು. ಡಾಂಗಲ್‌ಗೆ ಸಾವಿರ ಸುರಿದು ಆ್ಯಂಟೆನಾವನ್ನು ದೋಣಿಯ ತಳದಲ್ಲಿ ಮಲಗಿಸುವವರಿಗೆ ಏನು ಹೇಳೋಣ?

ಮೀನುಗಾರಿಕೆ ದೋಣಿಗಳಿಗೆ ಸರ್ಕಾರ ಕೊಡುತ್ತಿರುವ ಇಸ್ರೊ ತಂತ್ರಜ್ಞಾನದ ಪೆಟ್ಟಿಗೆಗೂ ಟ್ರಾನ್ಸ್‌ಪಾಂಡರ್ ಎಂದೇ ಹೆಸರು. ಅದು ಉಪಗ್ರಹದ ಮೂಲಕ ದಡದೊಂದಿಗೆ ಎರಡೂ ಕಡೆಯಿಂದ ಸಂದೇಶ ಸಾಗಿಸುತ್ತದೆ. ಡಾಂಗಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಹೆಸರಲ್ಲೇನಿದೆ ಅನ್ನಬೇಡಿ. ಟ್ರಾನ್ಸ್‌ಪಾಂಡರ್ ಹಾಕಿಸಿದ್ದೇನೆ ಎಂದು ನಂಬಿದವನು, ಪಣಂಬೂರಿನಿಂದ ಹೊರಟ ಟ್ಯಾಂಕರ್ ತನ್ನನ್ನೂ ಎಐಎಸ್ ಪರದೆಯ ಮೇಲೆ ನೋಡುತ್ತಿದೆ ಅಂದುಕೊಳ್ಳುತ್ತಾನೆ. ಟ್ಯಾಂಕರ್ ಇವನಿಗೆ ಕಾಣುತ್ತದೆ. ಇವನು ಅದರ ಎಐಎಸ್‌ಗೆ ಕಾಣುವುದಿಲ್ಲ. ಎಐಎಸ್ ಇಲ್ಲದ ಪಕ್ಕದ ನಾಡದೋಣಿ ಇಬ್ಬರ ಪರದೆಯಲ್ಲೂ ಕಾಣುವುದಿಲ್ಲ.

ಅಂಗಡಿಯವರು ಟ್ರಾನ್ಸ್‌ಪಾಂಡರ್ ಎಂದು ಏನನ್ನಾದರೂ ಮುಂದಿಟ್ಟರೆ, ಎಂಎಂಎಸ್‌ಐ ನಂಬರ್, ಅಂದರೆ ಹಡಗಿನ ರೇಡಿಯೊ ಗುರುತಿನ ಸಂಖ್ಯೆ, ಎಲ್ಲಿ ಹಾಕಬೇಕು ಎಂದು ಕೇಳಿ. ಕೂಗುವ ಪೆಟ್ಟಿಗೆಗೆ 9 ಅಂಕಿಯ ಆ ನಂಬರ್ ಬೇಕೇ ಬೇಕು. ಭಾರತದ ಹಡಗಾದರೆ 419ರಿಂದ ಶುರು. ಕೇಳಿಸಿಕೊಳ್ಳುವ ಡಾಂಗಲ್‌ಗೆ ಅದರ ಹಂಗಿಲ್ಲ.