‘ಮಂಜು ಬಿದ್ದಿದೆ’ ಅಂದರೆ ಬಿದ್ದದ್ದು ಏನು?

ಧನುರ್ಮಾಸದ ರಾತ್ರಿ ಹೊರಗೆ ಹೊರಟವರಿಗೆ ಮನೆಯವರು ‘ಮಂಜು ಬೀಳ್ತಿದೆ, ತಲೆಗೆ ಏನಾದ್ರೂ ಸುತ್ಕೋ’ ಎನ್ನುತ್ತಾರೆ. ಶಿಮ್ಲಾದ ಸುದ್ದಿಗೂ ನಾವು ‘ಮಂಜು ಬಿದ್ದಿದೆ’ ಎಂದೇ ಬರೆಯುತ್ತೇವೆ. ಮೊದಲನೆಯದು ಇಬ್ಬನಿ, ಎರಡನೆಯದು ಹಿಮ. ತೆಲುಗಿನ ‘ಮಂಚು’ವಿಗೂ ಇಂಥದೇ ಹರವಿದೆ. ಅನುವಾದಕರು, ಪ್ರತಿ ತಿದ್ದುವವರು ಎಡವುವುದು ಇಲ್ಲೇ.

ಅರ್ಥ ತಿಳಿಯಬೇಕಾದರೆ ಮೊದಲು ಕ್ರಿಯಾಪದ ನೋಡಿ. ಮಂಜು ಕವಿದರೆ, ಮುಸುಕಿದರೆ ಅದು ನೆಲಮಟ್ಟಕ್ಕಿಳಿದ ಮೋಡ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 1000 ಮೀಟರ್‌ಗಿಂತ ಆಚೆ ಕಾಣದಿದ್ದರೆ ಮಂಜು, 200ಕ್ಕಿಂತ ಕೆಳಗೆ ದಟ್ಟ ಮಂಜು, 50ಕ್ಕಿಂತ ಕೆಳಗೆ ಅತಿ ದಟ್ಟ. ಇಲ್ಲಿ ‘ಹಿಮ’ ಎಂದು ಬರೆಯಲೇಬೇಡಿ. ‘ದೆಹಲಿಯಲ್ಲಿ ಹಿಮ, ವಿಮಾನ ವಿಳಂಬ’ ಎಂಬ ತಲೆಬರಹ ಓದಿದವರು ರನ್‌ವೇ ಮೇಲೆ ಹಿಮ ಸುರಿಯಿತೆಂದೇ ತಿಳಿಯುತ್ತಾರೆ.

ಇಬ್ಬನಿ ನಿಜಕ್ಕೂ ಬೀಳುವುದಿಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಎಲೆಗಳು ಸುತ್ತಲಿನ ಗಾಳಿಗಿಂತ ಬೇಗ ತಣಿಯುತ್ತವೆ; ಅವಕ್ಕೆ ತಗುಲಿದ ಗಾಳಿಯ ತೇವ ಅಲ್ಲೇ ಹನಿಗಟ್ಟುತ್ತದೆ. ದೊಡ್ಡ ಮರದಡಿಯ ಹುಲ್ಲು ಬಯಲಿನ ಹುಲ್ಲಿನಷ್ಟು ತೋಯದಿರುವುದು ಇದಕ್ಕೇ: ನೆಲದ ಕಾವು ಆಕಾಶಕ್ಕೆ ಹೋಗದಂತೆ ಮರದ ನೆತ್ತಿ ತಡೆಯುತ್ತದೆ. ಕಡಲೆ ಹೊಲದಲ್ಲಿ ಈ ಹನಿಗೆ ಇನ್ನೊಂದು ಗುಣವಿದೆ. ಗಿಡದ ರೋಮಗಳಿಂದ ಒಸರುವ ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಅದರಲ್ಲಿ ಬೆರೆಯುತ್ತದೆ. ರಾತ್ರಿ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ಆ ಹುಳಿಯನ್ನು ಅಜೀರ್ಣದ ಮನೆಮದ್ದಿಗೆ ಇಟ್ಟುಕೊಳ್ಳುವ ರೂಢಿಯುಂಟು. ಕೃಷಿ ಲೇಖನದಲ್ಲಿ ಇದನ್ನು ‘ಮಂಜಿನ ನೀರು’ ಎಂದರೆ ಸಾಲದು, ‘ಇಬ್ಬನಿ’ ಎಂದೇ ಬರೆಯಬೇಕು. ಕಥೆಯ ಪಾತ್ರ ‘ಮಂಜು ಬೀಳ್ತಿದೆ’ ಅಂದರೆ ಮಾತ್ರ ಕೈ ಹಚ್ಚಬೇಡಿ. ಹಳೇ ಮೈಸೂರಿನ ಕಡೆ ಇದೇ ತೇವಕ್ಕೆ ‘ಹಿಮ ಬೀಳ್ತದೆ’ ಎನ್ನುವವರೂ ಇದ್ದಾರೆ, ಅದೂ ತಪ್ಪಲ್ಲ.

ಗಟ್ಟಿಯಾದದ್ದು ಮಂಜುಗಡ್ಡೆ. ಮೀನು ಪೆಟ್ಟಿಗೆಗೆ ತುಂಬುವಾಗ ಅದು ‘ಐಸ್’, ಹಾಗೇ ಬರೆಯಿರಿ. ಆಕಾಶದಿಂದ ಉದುರುವ ಗಡ್ಡೆ ಆಲಿಕಲ್ಲು.

ಆಸ್ಪತ್ರೆಯ ಪತ್ರಗಳಲ್ಲಿ ಹೆಚ್ಚು ಎಚ್ಚರ ಬೇಕು. ‘ಕಣ್ಣು ಮಂಜಾಗಿದೆ’ ಎಂಬುದು ರೋಗಲಕ್ಷಣ, ರೋಗದ ಹೆಸರಲ್ಲ. ಅದಕ್ಕೆ ಪೊರೆ ಕಾರಣವಿರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು, ಬರಿಯ ಕನ್ನಡಕದ ನಂಬರೂ ಇರಬಹುದು. ರೋಗಿ ‘ಮಂಜು’ ಎಂದದ್ದನ್ನು ‘ಪೊರೆ’ ಎಂದು ತಿದ್ದಿದರೆ ವೈದ್ಯರು ನೋಡುವ ಮೊದಲೇ ನಾವು ರೋಗ ನಿರ್ಧರಿಸಿದಂತೆ. ಒಂದು ವಸ್ತು ಎರಡಾಗಿ ಕಾಣುವುದು ಬೇರೆಯದೇ ತೊಂದರೆ; ಅದನ್ನು ಮಂಜಿನೊಳಗೆ ಸೇರಿಸಬಾರದು.

ಮಂಜುನಾಥ, ಮಂಜುಳಾ ಎಂಬವರನ್ನು ಕರೆಯುವ ‘ಮಂಜು’ ಚಳಿಗಾಲದ ಪದವಲ್ಲ. ವಿಭಕ್ತಿ ಹಚ್ಚಿದ ಕೂಡಲೇ ಎರಡೂ ಬೇರೆಯಾಗುತ್ತವೆ: ಮಂಜಿನ ಹನಿ, ಮಂಜುವಿನ ಮನೆ, ಬೆಳೆ ಮಂಜಿಗೆ ನೆನೆಯುತ್ತದೆ, ಕಾಗದ ಮಂಜುಗೆ ಬರುತ್ತದೆ.